ಆ ಮೂರು ನಿಮಿಷ ಅವಳಿಗೆ ಮಾತೇ ಇಲ್ಲ: ರೊಮ್ಯಾಂಟಿಕ್ ಕಾಮಿಡಿ ಮಾಡುವವರಿಗೆ ಒಂದು ಬಹಿರಂಗ ಪತ್ರ

ರೊಮ್ಯಾಂಟಿಕ್ ಕಾಮಿಡಿಗಳನ್ನು ಬರೆಯುವವರಿಗೆ, ನಿರ್ದೇಶಿಸುವವರಿಗೆ, ಅದಕ್ಕೆ ದುಡ್ಡು ಹಾಕುವವರಿಗೆ,

ನಮಸ್ಕಾರ.

ನಾನು ಸಬ್‌ಟೈಟಲ್ ಬರೆಯುವವಳು. ನಿಮ್ಮ ನಾಯಕ ಇಂಗ್ಲಿಷಿನಲ್ಲಿ ತೊದಲುತ್ತಾ ಪ್ರೀತಿ ಹೇಳಿಕೊಳ್ಳುವಾಗ ಪರದೆಯ ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರುತ್ತದಲ್ಲ, ಅದು ನನ್ನ ಕೆಲಸ. ಹೆಚ್ಚೆಂದರೆ ಎರಡು ಸಾಲು, ಹೆಚ್ಚೆಂದರೆ ಏಳು ಸೆಕೆಂಡ್. ಅಷ್ಟರೊಳಗೆ ಅವನು ತಪ್ಪೊಪ್ಪಿಕೊಳ್ಳಬೇಕು, ಅವಳು ಕ್ಷಮಿಸಬೇಕು. ಬೇರೆಯವರು ನಿಮ್ಮ ಸಿನಿಮಾವನ್ನು ಒಂದು ಸಲ ನೋಡುತ್ತಾರೆ. ನಾನು ಒಂದೊಂದು ದೃಶ್ಯವನ್ನೂ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಐದಾರು ಸಲ ನೋಡುತ್ತೇನೆ. ನಿಮ್ಮ ಸಂಕಲನಕಾರರನ್ನು ಬಿಟ್ಟರೆ ಇಷ್ಟು ಸಲ ನೋಡಿದವರು ಬಹುಶಃ ನಮ್ಮಂಥವರೇ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಈ ಸಿನಿಮಾಗಳು ಇಷ್ಟ. ಮಳೆಯಲ್ಲಿ ನೆನೆಯುತ್ತಾ ಬಾಗಿಲು ತಟ್ಟುವವನು ಇಷ್ಟ. ವಿಮಾನ ಹೊರಡುವ ಮೊದಲು ಏದುಸಿರು ಬಿಡುತ್ತಾ ಓಡಿ ಬರುವುದು ಇಷ್ಟ. ಮುಂದೇನಾಗುತ್ತೆ ಅಂತ ಗೊತ್ತಿದ್ದೂ ಕಣ್ಣು ಒದ್ದೆಯಾಗುತ್ತದೆ. ಹಾಗಾಗಿ ಇದು ಸಿನಿಮಾ ನೋಡದೆ ಬೈಯುವವರ ಪತ್ರ ಅಲ್ಲ.

ವಿಷಯ ಇಷ್ಟೇ. ನಿಮ್ಮ ಎಷ್ಟೋ ಸಿನಿಮಾಗಳಲ್ಲಿ ಒಂದು ಜಾಗ ಬರುತ್ತದೆ, ಅಲ್ಲಿ ನನಗೆ ಕೆಲಸವೇ ಇರುವುದಿಲ್ಲ. ಹುಡುಗಿಯನ್ನು ಯಾರೋ ಕುರ್ಚಿಯಲ್ಲಿ ಕೂರಿಸುತ್ತಾರೆ. ಹಾಡು ಶುರುವಾಗುತ್ತದೆ. ಕೂದಲು ಕತ್ತರಿಸುತ್ತಾರೆ, ಹುಬ್ಬು ಕೀಳುತ್ತಾರೆ, ಕನ್ನಡಕ ತೆಗೆಯುತ್ತಾರೆ. ಹತ್ತು ಬಟ್ಟೆ ಹಾಕಿಸಿ ಒಂಬತ್ತಕ್ಕೆ ತಲೆ ಅಲ್ಲಾಡಿಸುತ್ತಾರೆ, ಹತ್ತನೆಯದಕ್ಕೆ ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಅವಳು ಮೆಟ್ಟಿಲಿಳಿದು ಬರುತ್ತಾಳೆ, ಕೆಳಗೆ ನಿಂತವನ ಬಾಯಿ ತೆರೆದೇ ಇರುತ್ತದೆ. ಎರಡು ನಿಮಿಷ, ಮೂರು ನಿಮಿಷ. ಆ ಹೊತ್ತಿನಲ್ಲಿ ಪರದೆಯ ಕೆಳಗೆ ನಾನು ಬರೆಯುವುದು ಒಂದೇ ಪದ: (ಸಂಗೀತ).

ಬಹಳ ದಿನ ನನಗೆ ಇದು ಖುಷಿಯ ವಿಷಯವೇ ಆಗಿತ್ತು. ಬೆರಳಿಗೆ ವಿಶ್ರಾಂತಿ. ಒಂದು ದಿನ ಮಾತ್ರ ಸುಮ್ನೆ ಕೂತು ನೋಡುವಾಗ ಹೊಳೆಯಿತು. ಅವಳ ಬದುಕಿನ ಅತಿ ದೊಡ್ಡ ಬದಲಾವಣೆ ಇದು ಅಂತ ಸಿನಿಮಾ ಹೇಳುತ್ತಿದೆ. ಇಡೀ ಕಥೆಯಲ್ಲಿ ಪಟಪಟ ಮಾತಾಡಿದವಳು, ಎಲ್ಲರಿಗೂ ತಿರುಗಿ ಉತ್ತರ ಕೊಟ್ಟವಳು, ಈಗ ಮಾತ್ರ ಬಾಯಿ ಮುಚ್ಚಿಕೊಂಡು ಕೂತಿದ್ದಾಳೆ. ಅವಳ ತಲೆ, ಅವಳ ಕೂದಲು, ಅವಳಿಗೇ ಮಾತಿಲ್ಲ.

ಮಾತಿರುವ ಕಡೆ ಏನಾಗುತ್ತದೆ ಅಂತಲೂ ಹೇಳುತ್ತೇನೆ. ನಾಯಕಿಯ ಬಗ್ಗೆ ಬೇರೆಯವರು ಇಂಗ್ಲಿಷಿನಲ್ಲಿ 'ಪ್ಲೇನ್' ಅನ್ನುತ್ತಾರೆ. ಇದಕ್ಕೆ ಕನ್ನಡದಲ್ಲಿ ಏನು ಬರೆಯಲಿ? 'ಸಾದಾ' ಅಂದರೆ ಸೀರೆಯ ಬಗ್ಗೆ ಹೇಳಿದ ಹಾಗಾಗುತ್ತದೆ. 'ಸಪ್ಪೆ' ಅಂದರೆ ಉಪ್ಪು ಕಡಿಮೆಯಾದಂತೆ. 'ಸಾಧಾರಣ' ಅಂದರೆ ಸರ್ಕಾರಿ ಕಡತದ ಭಾಷೆ. ನಮ್ಮಲ್ಲಿ ಅಂಥ ಹುಡುಗಿಗೆ 'ಲಕ್ಷಣವಾಗಿದ್ದಾಳೆ' ಅನ್ನುತ್ತಾರೆ. ಚೆಲುವೆ ಅಂತ ಯಾರೂ ತಿರುಗಿ ನೋಡದಿದ್ದರೂ ಮುಖದಲ್ಲೊಂದು ಕಳೆ ಇದೆ ಅಂತ ಅದರ ಅರ್ಥ. ಅದು ಮೆಚ್ಚುಗೆ. ನಿಮ್ಮ ಪಾತ್ರ ಹೇಳುತ್ತಿರುವುದು ಬೈಗುಳ. ಹಾಗಾಗಿ ಆ ಪದ ಹಾಕುವಂತಿಲ್ಲ. ಇನ್ನೊಬ್ಬ ಪಾತ್ರಧಾರಿ ತನ್ನ ಗೆಳೆಯನಿಗೆ 'ಅವಳು ಹತ್ತಕ್ಕೆ ಆರು' ಅನ್ನುತ್ತಾನೆ. ಇದಕ್ಕೆ ಪದ ಹುಡುಕುವ ಕಷ್ಟವಿಲ್ಲ, ಅಂಕ ಎಲ್ಲ ಭಾಷೆಯಲ್ಲೂ ಅಂಕವೇ. ಬರೆದು ಮುಗಿಸಿದ ಮೇಲೆ ಮಾತ್ರ ಉತ್ತರಪತ್ರಿಕೆ ತಿದ್ದಿದಂತೆ ಅನಿಸುತ್ತದೆ.

ಈ 'ಪ್ಲೇನ್' ಹುಡುಗಿ ಪರದೆಯ ಮೇಲೆ ಹೇಗಿರುತ್ತಾಳೆ? 1999ರ 'ಶೀ ಈಸ್ ಆಲ್ ದಟ್' ನೋಡಿ. ಯಾರೂ ಕಣ್ಣೆತ್ತಿ ನೋಡದ ಹುಡುಗಿ ಅಂತ ತೋರಿಸಿದ್ದು ರೇಚಲ್ ಲೀ ಕುಕ್ ಅವರನ್ನು. ಅವರ ಮುಖಕ್ಕೆ ಒಂದು ಕನ್ನಡಕ, ಹಿಂದೆ ಕಟ್ಟಿದ ಜುಟ್ಟು, ಬಣ್ಣ ಮೆತ್ತಿದ ದೊಗಲೆ ಬಟ್ಟೆ, ಅಷ್ಟೇ. ಈ ಹುಡುಗಿಯನ್ನು ಶಾಲೆಯ ರಾಣಿ ಮಾಡುತ್ತೇನೆ ಅಂತ ನಾಯಕ ಪಣ ಕಟ್ಟುತ್ತಾನೆ. ಎರಡೇ ವರ್ಷಕ್ಕೆ, 2001ರಲ್ಲಿ, ಈ ಥರದ ಸಿನಿಮಾಗಳನ್ನೇ ಗೇಲಿ ಮಾಡುವ ಇನ್ನೊಂದು ಸಿನಿಮಾ ಬಂತು. ಅದರಲ್ಲೂ ಕನ್ನಡಕ ಮತ್ತು ಜುಟ್ಟೇ ಹುಡುಗಿಯ ಮಹಾಪರಾಧ. ಅಂದರೆ ನಿಮಗೂ ಗೊತ್ತಿತ್ತು. ನೋಡುವವರಿಗೂ ಗೊತ್ತಿತ್ತು. ಆದರೂ ನಿಲ್ಲಲಿಲ್ಲ. 2021ರಲ್ಲಿ ಅದೇ ಕಥೆಯನ್ನು ಹುಡುಗನ ಮೇಲೆ ತಿರುಗಿಸಿ ಮತ್ತೆ ತೆಗೆದರು.

ಇಲ್ಲಿ ನಗು ಬರುವ ವಿಷಯ ಒಂದು, ನೋವಿನ ವಿಷಯ ಒಂದು. ಚೆಲುವೆಯೊಬ್ಬಳಿಗೆ ಕನ್ನಡಕ ಹಾಕಿ ಕುರೂಪಿ ಅನ್ನುವುದು ನಗು. ಅದನ್ನು ನೋಡುತ್ತಾ ಕೂತ ನಿಜವಾದ ಕನ್ನಡಕದ ಹುಡುಗಿ ನೋವು. ಪರದೆಯ ಮೇಲಿನವಳೇ ಹತ್ತಕ್ಕೆ ಆರು ಆದರೆ ಕೂತವಳು ಎಷ್ಟು ಅಂತ ಲೆಕ್ಕ ಹಾಕಲು ಹೆಚ್ಚು ಹೊತ್ತು ಬೇಕಿಲ್ಲ.

ನನಗೆ ಹನ್ನೊಂದನೇ ವಯಸ್ಸಿಗೆ ಕನ್ನಡಕ ಬಂತು. ಈಗ ಮೈನಸ್ ಆರೂವರೆ. ಕನ್ನಡಕ ತೆಗೆದರೆ ಎದುರಿಗಿರುವವರ ಮುಖ ಒಂದು ಮಾಸಲು ಗುಂಡು. ನಿಮ್ಮ ಮೆಟ್ಟಿಲಿನ ದೃಶ್ಯ ಬಂದಾಗಲೆಲ್ಲ ನನಗೆ ಪ್ರೇಮ ಕಾಣುವುದಿಲ್ಲ, ಮೆಟ್ಟಿಲು ಕಾಣುತ್ತದೆ. ಕನ್ನಡಕ ಇಲ್ಲ, ಹೊಸ ಎತ್ತರದ ಚಪ್ಪಲಿ ಬೇರೆ. ಬೀಳದೆ ಹೇಗೆ ಇಳಿದಳು? ಕೆಳಗೆ ನಿಂತು ಬಾಯಿ ಬಿಟ್ಟವನು ಅವನೇ ಅಂತ ಹೇಗೆ ಗೊತ್ತಾಯಿತು? ಹೆಚ್ಚಿನ ಸಿನಿಮಾಗಳು ಇದಕ್ಕೆ ಉತ್ತರ ಕೊಡುವುದಿಲ್ಲ. ಅಲ್ಲಿಯವರೆಗೆ ಅವಳು ಕನ್ನಡಕ ಹಾಕಿದ್ದೇ ನೋಡುವುದಕ್ಕಲ್ಲ, ತೆಗೆಯುವುದಕ್ಕೆ.

ಆಶ್ಚರ್ಯ ಏನೆಂದರೆ, ಇದಕ್ಕೆ ಉತ್ತರ ಕೊಟ್ಟ ಸಿನಿಮಾ 1953ರಷ್ಟು ಹಿಂದೆಯೇ ಬಂದಿತ್ತು. 'ಹೌ ಟು ಮ್ಯಾರಿ ಎ ಮಿಲಿಯನೇರ್'ನಲ್ಲಿ ಮರ್ಲಿನ್ ಮನ್ರೋ ಅವರದು ದೂರದ್ದು ಕಾಣದ ಹುಡುಗಿಯ ಪಾತ್ರ. ಕನ್ನಡಕ ಹಾಕಿದರೆ ಗಂಡಸರು ನೋಡುವುದಿಲ್ಲ ಅಂತ ಅದನ್ನು ಬಚ್ಚಿಟ್ಟುಕೊಂಡು ಗೋಡೆಗೆ ಡಿಕ್ಕಿ ಹೊಡೆಯುತ್ತಾ ಓಡಾಡುತ್ತಾಳೆ. ತಪ್ಪು ವಿಮಾನ ಹತ್ತುತ್ತಾಳೆ. ಅಲ್ಲಿ ಪಕ್ಕದ ಸೀಟಿನಲ್ಲಿ ಕನ್ನಡಕ ಹಾಕಿದವನೊಬ್ಬ. ನೀನೂ ಹಾಕಿಕೋ, ಹಾಕಿದರೇ ಚೆನ್ನಾಗಿ ಕಾಣುತ್ತೀಯ ಅಂತ ಅವನೇ ಒತ್ತಾಯ ಮಾಡುತ್ತಾನೆ. ಆ ಸಿನಿಮಾದಲ್ಲಿ ಬೇರೆ ನೂರು ತಕರಾರು ತೆಗೆಯಬಹುದು. ಆದರೂ ಆ ಕಾಲದ ಅತಿ ದೊಡ್ಡ ಸುಂದರಿ ಕನ್ನಡಕ ಹಾಕಿಕೊಂಡು ಸಂಗಾತಿಯನ್ನು ಕಂಡುಕೊಂಡಳು. ಇದಾಗಿ 48 ವರ್ಷಕ್ಕೆ, 2001ರ 'ಪ್ರಿನ್ಸೆಸ್ ಡೈರೀಸ್'ನಲ್ಲಿ, ಕೇಶ ವಿನ್ಯಾಸಗಾರ ಹುಡುಗಿಯ ಕನ್ನಡಕವನ್ನು ಕೈಯಲ್ಲೇ ಮುರಿದುಹಾಕುತ್ತಾನೆ. ಅವಳು ತಕರಾರು ತೆಗೆದರೆ, ಅವಳ ಕೂದಲಿಗೆ ಸಿಕ್ಕಿ ಮುರಿದ ತನ್ನ ಬ್ರಷ್ಷಿನ ಲೆಕ್ಕ ಹೇಳುತ್ತಾನೆ. ಕೂದಲನ್ನು ನೆಟ್ಟಗೆ ಮಾಡುತ್ತಾರೆ. ಗುಂಗುರು ಕೂದಲು ರಾಜಕುಮಾರಿಗೆ ಒಪ್ಪುವುದಿಲ್ಲವಂತೆ. ಗುಂಗುರು ಕೂದಲಿನ ಜನ ಜಗತ್ತಿನಲ್ಲಿ ಎಷ್ಟಿದ್ದಾರೆ ಅಂತ ಯಾರಾದರೂ ಯೋಚಿಸಿದರೇ?

ನನ್ನ ಅಕ್ಕನ ಮಗಳಿಗೆ ಹದಿಮೂರು. ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದಳು. ನಾನು ಕೆಲಸ ಮಾಡುವಾಗ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಇದೇ ಥರದ ದೃಶ್ಯ ಬಂತು. ನಾನು ಫೋನ್ ಬಂತೆಂದು ನಿಲ್ಲಿಸಿ ಎದ್ದು ಹೋದೆ. ವಾಪಸ್ ಬಂದಾಗ ಪರದೆ ಆರಿ ಕಪ್ಪಾಗಿತ್ತು. ಅವಳು ತನ್ನ ಕನ್ನಡಕ ತೆಗೆದು ಕೈಯಲ್ಲಿ ಹಿಡಿದು, ಆ ಕಪ್ಪು ಪರದೆಗೆ ಮುಖವನ್ನು ತೀರಾ ಹತ್ತಿರ ತಂದು ನೋಡಿಕೊಳ್ಳುತ್ತಿದ್ದಳು. ಮೂಗಿನ ಎರಡೂ ಕಡೆ ಕನ್ನಡಕದ ಕೆಂಪು ಗುರುತು. ಅದನ್ನು ಬೆರಳಿನಿಂದ ಉಜ್ಜುತ್ತಿದ್ದಳು. ನನ್ನನ್ನು ನೋಡಿ, "ಚಿಕ್ಕಮ್ಮ, ಲೆನ್ಸ್ ಹಾಕೋಕೆ ಎಷ್ಟು ವಯಸ್ಸಾಗಬೇಕು?" ಅಂದಳು. ನಾನು ಏನೋ ಹೇಳಿದೆ. ಏನು ಹೇಳಿದೆ ಅಂತ ಈಗ ನೆನಪಿಲ್ಲ. ಆ ಗುರುತು ಉಜ್ಜುತ್ತಿದ್ದ ಬೆರಳು ಮಾತ್ರ ನೆನಪಿದೆ.

ಈ ಕಥೆ ನೀವು ಕಟ್ಟಿದ್ದಲ್ಲ, ಅದು ನನಗೆ ಗೊತ್ತು. ಎರಡು ಸಾವಿರ ವರ್ಷ ಹಳೆಯದು. ರೋಮನ್ ಕವಿ ಓವಿಡ್ ಹೇಳಿದ ಪಿಗ್ಮೇಲಿಯನ್ ಕಥೆ ಇದೆಯಲ್ಲ. ಒಬ್ಬ ಶಿಲ್ಪಿಗೆ ಯಾವ ಹೆಂಗಸೂ ಹಿಡಿಸುವುದಿಲ್ಲ. ದಂತದಲ್ಲಿ ತನಗೆ ಬೇಕಾದ ಹಾಗೆ ಒಬ್ಬಳನ್ನು ಕೆತ್ತಿಕೊಳ್ಳುತ್ತಾನೆ. ಅದಕ್ಕೆ ಜೀವ ಬರುತ್ತದೆ, ಮದುವೆಯೂ ಆಗುತ್ತದೆ. ಓವಿಡ್ ಅವಳಿಗೆ ಒಂದು ಹೆಸರನ್ನೂ ಕೊಡಲಿಲ್ಲ, ಒಂದು ಮಾತನ್ನೂ ಕೊಡಲಿಲ್ಲ. ಕಣ್ಣು ಬಿಡುತ್ತಾಳೆ, ನಾಚುತ್ತಾಳೆ, ಮುಗಿಯಿತು. ನನ್ನಂಥವಳಿಗೆ ಅಲ್ಲೂ ಕೆಲಸವಿರುತ್ತಿರಲಿಲ್ಲ.

ಅವಳಿಗೆ ಮಾತು ಕೊಟ್ಟವರು ಬರ್ನಾರ್ಡ್ ಶಾ. ಅವರ 'ಪಿಗ್ಮೇಲಿಯನ್' ನಾಟಕ ಮೊದಲು ರಂಗಕ್ಕೆ ಬಂದದ್ದು 1913ರಲ್ಲಿ, ವಿಯೆನ್ನಾದಲ್ಲಿ. ಬೀದಿಯಲ್ಲಿ ಹೂ ಮಾರುವ ಎಲೈಜಾಳಿಗೆ ಒಬ್ಬ ಭಾಷಾ ಪಂಡಿತ ದೊಡ್ಡವರ ಮನೆಯವರ ಉಚ್ಚಾರ ಕಲಿಸುತ್ತಾನೆ. ಇವಳನ್ನು ದೊಡ್ಡ ಮನೆತನದವಳೆಂದು ಎಲ್ಲರೂ ನಂಬುವಂತೆ ಮಾಡುತ್ತೇನೆ ಅಂತ ಪಣ. ಗೆಲ್ಲುತ್ತಾನೆ. ಗೆದ್ದ ರಾತ್ರಿ ಅವಳ ಕಡೆ ತಿರುಗಿಯೂ ನೋಡುವುದಿಲ್ಲ. ಆಗ ಎಲೈಜಾ ಮಾತಾಡುತ್ತಾಳೆ, ನೋಡಿ! ನನ್ನ ಭಾಷೆ ತೆಗೆದುಬಿಟ್ಟಿರಿ, ಹಳೆಯ ಜಾಗಕ್ಕೆ ನಾನಿನ್ನು ಹೋಗಲಾರೆ, ಹೊಸ ಜಾಗದಲ್ಲಿ ನನಗೆ ಕೆಲಸವಿಲ್ಲ, ಈಗ ನಾನೇನು ಮಾಡಲಿ ಅನ್ನುವುದು ಅವಳ ಪ್ರಶ್ನೆ. ಹೂ ಮಾರುವವಳಿಗೂ ದೊಡ್ಡ ಮನೆಯವಳಿಗೂ ವ್ಯತ್ಯಾಸ ಇರುವುದು ಅವಳು ನಡೆದುಕೊಳ್ಳುವ ರೀತಿಯಲ್ಲಲ್ಲ, ಬೇರೆಯವರು ಅವಳನ್ನು ನಡೆಸಿಕೊಳ್ಳುವ ರೀತಿಯಲ್ಲಿ ಅಂತಲೂ ಅನ್ನುತ್ತಾಳೆ. ಹುಡುಗಿಯನ್ನು ಹೀಗೆ ಬದಲಿಸಿ ತೋರಿಸುವ 'ಮೇಕೋವರ್' ಬಗ್ಗೆ ಇಷ್ಟು ಸರಿಯಾದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ. ಆಡುವ ಮಾತು ಬದಲಾದರೆ ಬದಲಾಗುವುದು ಉಚ್ಚಾರ ಒಂದೇ ಅಲ್ಲ, ಮನೆಯೂ ಬದಲಾಗುತ್ತದೆ. ಊರಿಂದ ಊರಿಗೆ, ಭಾಷೆಯಿಂದ ಭಾಷೆಗೆ ಹೋದ ಯಾರಿಗಾದರೂ ಇದು ಗೊತ್ತು.

ಎಲೈಜಾ ಆ ಪಂಡಿತನನ್ನು ಮದುವೆಯಾಗುವುದಿಲ್ಲ ಅಂತ ಶಾ ಹಟ ಹಿಡಿದರು. 1914ರಲ್ಲಿ ಲಂಡನ್ನಿನಲ್ಲಿ ಆ ಪಾತ್ರ ಮಾಡಿದ ನಟ ಕೊನೆಯಲ್ಲಿ ಅವಳಿಗೆ ಹೂ ಎಸೆದು ಪ್ರೇಮದ ಬಣ್ಣ ಹಚ್ಚಿದಾಗ ಶಾ ಕೆಂಡವಾದರು. 1916ರಲ್ಲಿ ಪುಸ್ತಕಕ್ಕೆ ಉದ್ದದ ಹಿನ್ನುಡಿಯನ್ನೇ ಬರೆದು, ಅವಳು ಮದುವೆಯಾದದ್ದು ಬೇರೆ ಹುಡುಗನನ್ನು ಅಂತ ಸ್ಪಷ್ಟ ಮಾಡಿದರು. ಕೇಳಿದವರಾರು? 1938ರ ಸಿನಿಮಾದಲ್ಲಿ ಅವಳು ವಾಪಸ್ ಬಂದಳು. 1964ರ 'ಮೈ ಫೇರ್ ಲೇಡಿ'ಯಲ್ಲೂ ವಾಪಸ್ ಬಂದಳು. ಬಂದವಳನ್ನು ಅವನು ಕೇಳುವುದು ತನ್ನ ಚಪ್ಪಲಿ ಎಲ್ಲಿ ಅಂತ. ಅದಕ್ಕೆ ಅವಳ ಉತ್ತರವಿಲ್ಲ, ಸಿನಿಮಾ ಮುಗಿದುಹೋಗುತ್ತದೆ. ಮಾತು ಕಲಿತ ಹುಡುಗಿಯ ಕಥೆ ಅವಳ ಮೌನದಲ್ಲಿ ಮುಗಿಯಿತು. ಇನ್ನೊಂದು ವಿಷಯ. ಆ ಸಿನಿಮಾದಲ್ಲಿ ಎಲೈಜಾ ಆದ ಆಡ್ರಿ ಹೆಪ್‌ಬರ್ನ್ ಅವರ ಹಾಡುಗಳಲ್ಲಿ ಹೆಚ್ಚಿನವನ್ನು ಬೇರೆ ಗಾಯಕಿ ಮಾರ್ನಿ ನಿಕ್ಸನ್ ಅವರ ದನಿಯಲ್ಲಿ ಹಾಕಿದರು. ನಿನ್ನ ದನಿ ಸಾಲದು ಅಂತ ಪಾತ್ರಕ್ಕೂ ಹೇಳಿದರು, ನಟಿಗೂ ಹೇಳಿದರು.

ನಟಿಯರ ಮಾತು ಬಂದದ್ದಕ್ಕೆ ಇದನ್ನೂ ಹೇಳಬೇಕು. 1990ರ 'ಪ್ರೆಟಿ ವುಮನ್' ಪೋಸ್ಟರ್ ನಿಮಗೆಲ್ಲ ಗೊತ್ತು. ಅದರಲ್ಲಿ ತಲೆ ಜೂಲಿಯಾ ರಾಬರ್ಟ್ಸ್ ಅವರದು, ದೇಹ ಬೇರೆಯವರದು. ರಿಚರ್ಡ್ ಗೇರ್ ಅವರ ನರೆಗೂದಲು ಸಿನಿಮಾದಲ್ಲಿದೆ, ಪೋಸ್ಟರಿನಲ್ಲಿ ಕಪ್ಪಾಗಿದೆ. ಜಗತ್ತಿನ ಅತಿ ಚೆಲುವೆಯರಲ್ಲೊಬ್ಬರು ಅಂತ ಹೆಸರಾದವರ ಮೈಯೂ ಆ ಪೋಸ್ಟರಿಗೆ ಸಾಲಲಿಲ್ಲ. ಇನ್ನು ಅದನ್ನು ಗೋಡೆಗೆ ಅಂಟಿಸಿಕೊಂಡು ದಿನಾ ನೋಡಿದ ಹುಡುಗಿ ಯಾರ ಥರ ಆಗಬೇಕಿತ್ತು? ಯಾರ ಥರ ಅವಳು ಆಗಬೇಕಿತ್ತೋ ಅಂಥವಳು ಇರಲೇ ಇಲ್ಲ.

ದಪ್ಪದ ವಿಷಯಕ್ಕೆ ಬರೋಣ. ಇದು ನನ್ನ ಕೆಲಸದಲ್ಲಿ ಅತಿ ಜಾಸ್ತಿ ಕಸಿವಿಸಿ ಆಗುವ ಜಾಗ. ಕಿವಿ ಕೇಳದವರಿಗಾಗಿ ಬರೆಯುವ ಸಬ್‌ಟೈಟಲ್‌ನಲ್ಲಿ ಮಾತಿನ ಜೊತೆ ಸದ್ದನ್ನೂ ಬರೆಯಬೇಕು. (ಬಾಗಿಲು ತಟ್ಟುವ ಸದ್ದು), (ನಗು), ಹೀಗೆ. ದಪ್ಪಗಿರುವವರು ಕೋಣೆಗೆ ಬಂದರು, ಕುರ್ಚಿಯಲ್ಲಿ ಕೂತರು, ಕುರ್ಚಿ ಕಿರುಗುಟ್ಟಿತು. (ಕುರ್ಚಿ ಕಿರುಗುಟ್ಟುತ್ತದೆ). (ನಗು). ಅವರಿನ್ನೂ ಬಾಯಿ ತೆರೆದಿಲ್ಲ. ಬೇರೆಯವರು ನಗಿಸಲು ಮಾತಾಡಬೇಕು, ಇವರು ಸುಮ್ನೆ ಇದ್ದರೆ ಸಾಕು.

2001ರ 'ಬ್ರಿಜೆಟ್ ಜೋನ್ಸ್ ಡೈರಿ'ಯಲ್ಲಿ ನಾಯಕಿ ತನ್ನ ದಿನಚರಿಯಲ್ಲಿ ತೂಕ ಬರೆದುಕೊಳ್ಳುತ್ತಾಳೆ: 136 ಪೌಂಡ್. ಸುಮಾರು 62 ಕಿಲೋ. ಹೊಸ ವರ್ಷದ ಸಂಕಲ್ಪ 20 ಪೌಂಡ್ ಇಳಿಸುವುದು, ಅಂದರೆ ಒಂಬತ್ತು ಕಿಲೋ. ಆ ಸಿನಿಮಾ ಒಳ್ಳೆಯದೇ, ಇದ್ದ ಹಾಗೇ ನಿನ್ನನ್ನು ಇಷ್ಟಪಡುತ್ತೇನೆ ಅಂತ ಅವನು ಹೇಳುವ ಜಾಗ ನನಗೆ ಇವತ್ತಿಗೂ ಪ್ರಿಯ. ಆದರೆ 62 ಕಿಲೋ ಹೆಂಗಸಿನ ಬಗ್ಗೆ 'ಇದ್ದ ಹಾಗೇ' ಅನ್ನುವುದು ಔದಾರ್ಯದ ಮಾತಾಗಿಬಿಟ್ಟರೆ, 82 ಕಿಲೋ ಇರುವವಳಿಗೆ ಯಾರು ಏನು ಹೇಳಬೇಕು? ಅದೇ ವರ್ಷದ 'ಶ್ಯಾಲೋ ಹಾಲ್' ಇನ್ನೂ ಒಂದು ಹೆಜ್ಜೆ ಮುಂದೆ. ನಾಯಕನಿಗೆ ಒಳಗಿನ ಚೆಲುವು ಮಾತ್ರ ಕಾಣುವ ಹಾಗೆ ಯಾರೋ ಮಾಡುತ್ತಾರೆ. ಒಳ್ಳೆಯ ಯೋಚನೆ, ಅಲ್ವಾ? ದಪ್ಪಗಿರುವವಳ ಒಳಗಿನ ಚೆಲುವು ಅವನ ಕಣ್ಣಿಗೆ ಕಂಡದ್ದು ಹೇಗೆ? ತೆಳ್ಳಗೆ. ಆತ್ಮಕ್ಕೂ ಸೊಂಟದ ಅಳತೆ! ಆ ಪಾತ್ರಕ್ಕಾಗಿ ದಪ್ಪದ ವೇಷ ತೊಟ್ಟು ಹೋಟೆಲಿನಲ್ಲಿ ಓಡಾಡಿದಾಗ ಒಬ್ಬರೂ ತನ್ನ ಕಣ್ಣಿಗೆ ಕಣ್ಣು ಕೊಡಲಿಲ್ಲ ಅಂತ ನಟಿ ಗ್ವಿನೆತ್ ಪಾಲ್ಟ್ರೋ ಆಮೇಲೆ ಹೇಳಿದರು. ಸಿನಿಮಾ ಹೇಳಬೇಕಾಗಿದ್ದ ಕಥೆ ಅದೇ ಆಗಿತ್ತು. ತೆಗೆದದ್ದು ಬೇರೆ.

ನಿಮ್ಮಲ್ಲೇ ಒಬ್ಬರು ಇದನ್ನು ಒಪ್ಪಿಕೊಂಡಿದ್ದಾರೆ. 2003ರ 'ಲವ್ ಆ್ಯಕ್ಚುಲಿ'ಯಲ್ಲಿ ಪ್ರಧಾನಿ ಪ್ರೀತಿಸುವ ಹುಡುಗಿಯನ್ನು ಒಬ್ಬರಲ್ಲ ಒಬ್ಬರು ದಪ್ಪ ಅಂತ ಆಡಿಕೊಳ್ಳುತ್ತಲೇ ಇರುತ್ತಾರೆ, ಅವಳ ಅಪ್ಪನೂ ಸೇರಿ. ಪರದೆಯ ಮೇಲೆ ನೋಡಿದರೆ ದಪ್ಪ ಎಲ್ಲಿದೆ ಅಂತ ಹುಡುಕಬೇಕು. ಅದನ್ನು ಬರೆದು ನಿರ್ದೇಶಿಸಿದ ರಿಚರ್ಡ್ ಕರ್ಟಿಸ್ 2023ರಲ್ಲಿ ಒಂದು ಸಾಹಿತ್ಯ ಉತ್ಸವದಲ್ಲಿ ತಮ್ಮ ಮಗಳ ಪ್ರಶ್ನೆಗಳಿಗೆ ಉತ್ತರಿಸುತ್ತಾ, ಆ ನಗೆಮಾತುಗಳು ಈಗ ನಗು ತರಿಸುವುದಿಲ್ಲ ಅಂದರು. ಇನ್ನು ಆ ಪದವನ್ನು ಬಳಸಬೇಡಿ ಅಂತ ಮಗಳೇ ಕೆಲವು ವರ್ಷದ ಹಿಂದೆ ತಾಕೀತು ಮಾಡಿದ್ದಳಂತೆ. ನಾಟಿಂಗ್ ಹಿಲ್ ಅನ್ನುವ ಲಂಡನ್ನಿನ ಬಡಾವಣೆಯ ಹೆಸರಿನಲ್ಲೇ 1999ರಲ್ಲಿ ಬಂದ ಸಿನಿಮಾದಲ್ಲಿ ಕಪ್ಪು ಜನ ಕಾಣದೆ ಹೋದದ್ದರ ಬಗ್ಗೆಯೂ ಅವರು ಬೇಸರ ಹೇಳಿಕೊಂಡರು. ಆ ಬಡಾವಣೆ ಕೆರಿಬಿಯನ್ ಜನರ ಕಾರ್ನಿವಲ್‌ಗೆ ಹೆಸರಾದದ್ದು! ಇಪ್ಪತ್ತು ವರ್ಷ ತಡವಾಯಿತು ನಿಜ. ಆದರೂ ನಾನು ಅವರನ್ನು ಬೈಯುವುದಿಲ್ಲ. ಬರೆದವರೇ ತಪ್ಪು ಅಂದದ್ದು ಅಪರೂಪ.

"ಬರೀ ಸಿನಿಮಾ ಅಲ್ವಾ, ನಕ್ಕು ಬಿಡಿ" ಅನ್ನುತ್ತೀರಿ. ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ. ಫಿಜಿ ದ್ವೀಪದ ಒಂದು ಭಾಗಕ್ಕೆ 1995ರಲ್ಲಿ ಮೊದಲ ಸಲ ಟಿವಿ ಬಂತು. ಆನ್ ಬೆಕರ್ ಅನ್ನುವ ವೈದ್ಯ ಸಂಶೋಧಕಿ ಆಗಲೇ ಅಲ್ಲಿನ ಶಾಲೆಯ ಹುಡುಗಿಯರನ್ನು ಮಾತಾಡಿಸಿದ್ದರು. 1998ರಲ್ಲಿ ಅದೇ ವಯಸ್ಸಿನ ಹುಡುಗಿಯರನ್ನು ಮತ್ತೆ ಮಾತಾಡಿಸಿದರು. ತೂಕ ಇಳಿಸಲು ಬೇಕೆಂದೇ ವಾಂತಿ ಮಾಡಿಕೊಳ್ಳುವ ಹುಡುಗಿ ಮೊದಲ ಸಲ ಒಬ್ಬಳೂ ಇರಲಿಲ್ಲ. ಮೂರು ವರ್ಷದ ನಂತರ ನೂರಕ್ಕೆ ಹನ್ನೊಂದು. ಮೈತುಂಬ ಇರುವುದನ್ನೇ ಚಂದ ಅನ್ನುತ್ತಿದ್ದ ಜನ ಅವರು. ಎರಡೂ ಸಲ ಮಾತಾಡಿಸಿದ್ದು ಅರವತ್ತು ಚಿಲ್ಲರೆ ಹುಡುಗಿಯರನ್ನು ಮಾತ್ರ, ಅವರು ನೋಡಿದ್ದು ಟಿವಿ ಧಾರಾವಾಹಿಗಳು, ನಿಮ್ಮ ಸಿನಿಮಾ ಅಲ್ಲ. ಅಷ್ಟನ್ನು ಒಪ್ಪುತ್ತೇನೆ. ಆದರೆ ಪರದೆ ಬರೀ ಪರದೆ ಅನ್ನುವ ಮಾತನ್ನು ಆಮೇಲೆ ನಾನು ಹೇಳಿಲ್ಲ.

ಗಂಡಸರ ವಿಷಯ ಬೇಗ ಮುಗಿಸುತ್ತೇನೆ, ಏಕೆಂದರೆ ಅವರಿಗೆ ನೀವು ರಿಯಾಯಿತಿ ಕೊಟ್ಟಿದ್ದೀರಿ. ಬೊಜ್ಜು ಬಂದವನು, ಕೆಲಸ ಇಲ್ಲದವನು, ಸ್ನಾನ ಮಾಡದವನು, ಎಲ್ಲರಿಗೂ ಚೆಲುವೆ ಸಿಗುತ್ತಾಳೆ. 1997ರ 'ಆ್ಯಸ್ ಗುಡ್ ಆ್ಯಸ್ ಇಟ್ ಗೆಟ್ಸ್' ಬಂದಾಗ ಜಾಕ್ ನಿಕೋಲ್ಸನ್ ಅವರಿಗೆ 60, ಹೆಲೆನ್ ಹಂಟ್ ಅವರಿಗೆ 34. ಯಾರೂ ಹುಬ್ಬೇರಿಸಲಿಲ್ಲ. ಅದಕ್ಕಿಂತ 1963ರ 'ಶರೇಡ್' ವಾಸಿ. 59ರ ಕ್ಯಾರಿ ಗ್ರಾಂಟ್ ಅವರಿಗೆ ತನ್ನ ವಯಸ್ಸಿನ ಬಗ್ಗೆ ತನಗೇ ಮುಜುಗರವಾಗಿ, ಹುಡುಗಿಯ ಹಿಂದೆ ತಾನು ಬೀಳುವುದು ಬೇಡ, ಅವಳೇ ತನ್ನ ಹಿಂದೆ ಬೀಳುವ ಹಾಗೆ ಬರೆಯಿರಿ ಅಂದರಂತೆ. ಮುಜುಗರ ನಿಜವಾದದ್ದು, ಪರಿಹಾರ ಮಾತ್ರ ಗಂಡಸಿನದು.

ಇನ್ನು ಗೆಳತಿ. ನಾನು ಕೆಲಸ ಮಾಡುವ ಕಡತದಲ್ಲಿ ಯಾರು ಮಾತಾಡಿದರು ಅಂತ ಗುರುತಿಗೆ ಹೆಸರಿರುತ್ತದೆ. ಎಷ್ಟೋ ಸಲ 'ಗೆಳತಿ' ಅಂತಷ್ಟೇ ಇರುತ್ತದೆ. ಇವಳು ಕಪ್ಪಗಿರುತ್ತಾಳೆ, ಅಥವಾ ದಪ್ಪಗಿರುತ್ತಾಳೆ, ಅಥವಾ ನಾಯಕಿಯ ಜನಾಂಗದವಳಲ್ಲ. ಕೆಲವು ಸಲ ಇವಳ ಬದಲು ಸಲಿಂಗಿ ಗೆಳೆಯ ಇರುತ್ತಾನೆ. ಇವರ ಮಾತೇ ಸಿನಿಮಾದಲ್ಲಿ ಅತಿ ಚುರುಕು, ನನಗೆ ಅನುವಾದ ಮಾಡಲು ಅತಿ ಖುಷಿ. ಆದರೆ ಇವರ ಪ್ರತಿ ಸಾಲೂ ನಾಯಕಿಯ ಪ್ರೇಮದ ಬಗ್ಗೆ. ಇವರಿಗೆ ಮನೆ ಇದೆಯೋ ಇಲ್ಲವೋ ಗೊತ್ತಿಲ್ಲ. ರಾತ್ರಿ ಇವರಿಗೆ ಯಾರು ಫೋನ್ ಮಾಡುತ್ತಾರೆ? ಯಾರೂ ಮಾಡುವುದಿಲ್ಲ, ಮಾಡಿದ್ದರೆ ನಾನೇ ಬರೆದಿರುತ್ತಿದ್ದೆ.

ಇದು ಸುಮ್ನೆ ಬಂದ ಅಭ್ಯಾಸವೂ ಅಲ್ಲ. ಹಾಲಿವುಡ್‌ನಲ್ಲಿ 1934ರಿಂದ ಬಿಗಿಯಾಗಿ ಜಾರಿಗೆ ಬಂದ ಹೇಸ್ ನಿಯಮಾವಳಿ ಬಿಳಿಯರು ಮತ್ತು ಕಪ್ಪು ಜನರ ನಡುವಿನ ಪ್ರೇಮವನ್ನು, ಸಲಿಂಗ ಪ್ರೇಮವನ್ನು ತೆರೆಯಿಂದ ದೂರ ಇಟ್ಟಿತ್ತು. 1968ರಲ್ಲಿ ಆ ನಿಯಮಾವಳಿ ಪೂರ್ತಿ ಹೋಯಿತು. ಅಭ್ಯಾಸ ಹೋಗಲಿಲ್ಲ. ಹದಿಹರೆಯದ ಸಲಿಂಗಿ ಹುಡುಗನ ಪ್ರೇಮವನ್ನೇ ಮುಖ್ಯ ಕಥೆ ಮಾಡಿ ಅಲ್ಲಿನ ದೊಡ್ಡ ಸ್ಟುಡಿಯೊ ಮೊದಲ ಸಲ ಸಿನಿಮಾ ತೆಗೆದದ್ದು 2018ರಲ್ಲಿ, 'ಲವ್, ಸೈಮನ್'. ಅದೇ ವರ್ಷ ಬಂದ 'ಕ್ರೇಜಿ ರಿಚ್ ಏಶಿಯನ್ಸ್' ಹಿಟ್ ಆದಾಗ ಎಲ್ಲರೂ ಲೆಕ್ಕ ಹಾಕಿದರು. ಇವತ್ತಿನ ಕಾಲದ ಕಥೆಯಲ್ಲಿ ಬಹುಪಾಲು ಏಶ್ಯಾ ಮೂಲದ ನಟರೇ ಇದ್ದ ಹಿಂದಿನ ದೊಡ್ಡ ಸ್ಟುಡಿಯೊ ಸಿನಿಮಾ ಬಂದದ್ದು 1993ರಲ್ಲಿ. ಇಪ್ಪತ್ತೈದು ವರ್ಷ! ಅಷ್ಟು ವರ್ಷ ಅವರೆಲ್ಲ ಗೆಳತಿಯರಾಗಿ, ಅಂಗಡಿಯವರಾಗಿ, ಡಾಕ್ಟರಾಗಿ ಎರಡು ಸಾಲು ಹೇಳಿ ಹೋಗುತ್ತಿದ್ದರು.

ಅಲಂಕಾರ ಮಾಡಿಕೊಳ್ಳುವುದೇ ತಪ್ಪು ಅಂತ ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಹೊಸ ಬಟ್ಟೆ ಹಾಕಿ ಕನ್ನಡಿ ಮುಂದೆ ನಿಲ್ಲುವ ಖುಷಿ ನನಗೂ ಗೊತ್ತು. ನನ್ನ ತಕರಾರು ಇರುವುದು ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದರ ಬಗ್ಗೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನಮ್ಮಲ್ಲೊಂದು ಗಾದೆ ಇದೆ. ಗೇಲಿ ಮಾಡಲು ಬಳಸುತ್ತಾರೆ, ಆದರೆ ಅದರಲ್ಲಿ ವರಸೆ ಸರಿಯಾಗಿದೆ. ಪ್ರೀತಿ ಮೊದಲು, ಚಂದ ಆಮೇಲೆ. ನಿಮ್ಮಲ್ಲಿ ಇದು ತಲೆಕೆಳಗು. ಅವಳು ಮೊದಲು ಚಂದ ಆಗಬೇಕು, ಆಮೇಲೆ ಅವನಿಗೆ ಕಾಣಬೇಕು, ಆಮೇಲೆ ಪ್ರೀತಿ. ಕಡೆಗೆ "ನೀನು ಮೊದಲಿದ್ದ ಹಾಗೇ ನನಗೆ ಇಷ್ಟ ಇತ್ತು" ಅಂತ ಅವನ ಬಾಯಲ್ಲಿ ಒಂದು ಸಾಲು. ನಾನು ಅದನ್ನು ಎಷ್ಟು ಸಲ ಬರೆದಿದ್ದೇನೋ. ಇಷ್ಟ ಇದ್ದಿದ್ದರೆ ಮೊದಲ ನಲವತ್ತು ನಿಮಿಷ ಏನು ಮಾಡುತ್ತಿದ್ದ?

'ಮೈ ಬಿಗ್ ಫ್ಯಾಟ್ ಗ್ರೀಕ್ ವೆಡ್ಡಿಂಗ್' 2002ರಲ್ಲಿ ಇದನ್ನು ಸ್ವಲ್ಪ ಬೇರೆ ಥರ ಮಾಡಿತು. ಅಲ್ಲೂ ನಾಯಕಿ ಬದಲಾಗುತ್ತಾಳೆ, ಅಲ್ಲೂ ಕನ್ನಡಕ ಹೋಗುತ್ತದೆ. ಆದರೆ ಅವಳು ಕಾಲೇಜಿಗೆ ಸೇರುತ್ತಾಳೆ, ಕಂಪ್ಯೂಟರ್ ಕಲಿಯುತ್ತಾಳೆ, ಬೇರೆ ಕೆಲಸ ಹಿಡಿಯುತ್ತಾಳೆ. ಬದಲಾಗಬೇಕು ಅಂತ ಅಂದುಕೊಂಡವಳು ಅವಳೇ. ಹಿಂದೆ ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದ ದಿನಗಳ ಬಗ್ಗೆ ಅವಳು ನಾಚಿಕೊಳ್ಳುವಾಗ ನಾಯಕನಿಗೆ ಅವಳ ನೆನಪಿದೆ. ಸಣ್ಣ ವಿಷಯ. ಇಡೀ ಸಿನಿಮಾದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ಅವಳನ್ನು ಮೊದಲೇ ಅವನು ನೋಡಿದ್ದ.

ನಾನು ಕೇಳುವುದು ಬಹಳ ಇಲ್ಲ. ಕಥೆ ಬದಲಿಸಿ ಅಂತಲೂ ಅಲ್ಲ, ಮೆಟ್ಟಿಲು ಕೆಡವಿ ಅಂತಲೂ ಅಲ್ಲ. ಆ ಕುರ್ಚಿಯಲ್ಲಿ ಅವಳನ್ನು ಕೂರಿಸಿದಾಗ ಹಾಡನ್ನು ಸ್ವಲ್ಪ ತಡವಾಗಿ ಶುರು ಮಾಡಿ. ಕತ್ತರಿ ಹಿಡಿದವರು ಒಂದು ಸಲ ಕೇಳಲಿ: "ಎಷ್ಟು ಕತ್ತರಿಸಲಿ?" ಅವಳು ಉತ್ತರ ಹೇಳಲಿ. ಬೇಡ ಅಂತಲೂ ಹೇಳಬಹುದು, ಪೂರ್ತಿ ಬೋಳಿಸಿ ಅಂತಲೂ ಹೇಳಬಹುದು. ಹೇಳಿದ ಮೇಲೆ ಸಿನಿಮಾ ಯಾವ ಕಡೆ ಹೋಗುತ್ತದೋ ಹೋಗಲಿ, ನಿಮಗೇ ಹೊಸ ದಾರಿ ಸಿಕ್ಕೀತು. ನನ್ನ ಅನುಭವದಲ್ಲಿ ಮಾತಿರುವ ದೃಶ್ಯದಲ್ಲೇ ನಗುವೂ ಜಾಸ್ತಿ.

ಮೊನ್ನೆ ಅಕ್ಕನ ಮಗಳು ಮತ್ತೆ ಬಂದಿದ್ದಳು. ಕನ್ನಡಕ ಬದಲಾಗಿದೆ, ಈ ಸಲ ದಪ್ಪ ಕೆಂಪು ಫ್ರೇಮು, ಅವಳೇ ಆರಿಸಿದ್ದಂತೆ. ಚೆನ್ನಾಗಿದೆಯಾ ಅಂತ ನನ್ನನ್ನು ಕೇಳಲಿಲ್ಲ, ನಾನೂ ಹೇಳಲು ಹೋಗಲಿಲ್ಲ. ಪಕ್ಕದಲ್ಲಿ ಕೂತು ನನ್ನ ಪರದೆ ನೋಡುತ್ತಿದ್ದಳು. ಹಾಡು ಶುರುವಾಯಿತು. ನಾನು (ಸಂಗೀತ) ಅಂತ ಬರೆದು ಕೈ ಬಿಟ್ಟೆ.

"ಇಲ್ಲಿ ಅವಳು ಏನೂ ಹೇಳಲ್ವಾ?" ಅಂದಳು.

"ಇಲ್ಲ."

"ಮತ್ತೆ ನೀನೇ ಏನಾದ್ರೂ ಬರೀಬಹುದಲ್ವಾ ಚಿಕ್ಕಮ್ಮ?"

ಹಾಗೆಲ್ಲ ಬರೆಯುವ ಹಾಗಿಲ್ಲ ಅಂದೆ. ಇಲ್ಲದ ಮಾತು ಸೇರಿಸಿದರೆ ನನ್ನ ಕೆಲಸ ಹೋಗುತ್ತದೆ. ಆ ಕೆಲಸ ನಿಮ್ಮದು. ಮುಂದಿನ ಸಿನಿಮಾ ಕಳಿಸುವಾಗ ಆ ಜಾಗದಲ್ಲಿ ನನಗೆ ಎರಡು ಸಾಲು ಕೆಲಸ ಇಟ್ಟು ಕಳಿಸಿ.

ಇಂತಿ,
ನಿಮ್ಮ ಸಿನಿಮಾಗಳಿಗೆ ಸಬ್‌ಟೈಟಲ್ ಬರೆಯುವವಳು